ಮೋಟಾರಿನಲ್ಲಿ ಶಿಶುವಿನ ಆಸನ: ಪಟ್ಟಿಯನ್ನು ಕಟ್ಟಬೇಕೆ, ಬಿಡಬೇಕೆ?

ಮನೆಯಲ್ಲಿ ತೊಟ್ಟಿಲು ಕಟ್ಟುವಾಗ ನಮ್ಮ ಹಿರಿಯರು ಹಗ್ಗ ಗಟ್ಟಿಯೆ, ತೊಲೆ ಭದ್ರವೆ ಎಂದು ನೋಡಿ, ಒಮ್ಮೆ ಜಗ್ಗಿ ಪರೀಕ್ಷಿಸಿದ ಮೇಲೆಯೇ ಮಗುವನ್ನು ಮಲಗಿಸುತ್ತಾರೆ. ಅದೇ ಮಗುವನ್ನು ಮೋಟಾರಿನಲ್ಲಿ ಕರೆದೊಯ್ಯುವಾಗ ಈ ಎಚ್ಚರಿಕೆ ನಮ್ಮಲ್ಲಿ ಹಲವರಿಗೆ ಇರುವುದಿಲ್ಲ. ತಾಯಿಯ ಮಡಿಲೇ ಸಾಕೆಂದು ನಂಬುತ್ತೇವೆ. ಈಚೆಗೆ ಕೆಲವು ಮನೆಗಳಿಗೆ ಶಿಶುಗಳಿಗೆಂದೇ ಮಾಡಿದ ಆಸನಗಳು ಬಂದಿವೆ. ಕೆಲವನ್ನು ಇಲ್ಲಿಯೇ ಕೊಂಡದ್ದು, ಕೆಲವನ್ನು ಪರದೇಶದಲ್ಲಿರುವ ಬಂಧುಗಳು ತಂದುಕೊಟ್ಟದ್ದು. ಅವುಗಳಲ್ಲಿ ಹಲವಕ್ಕೆ ಕೊಕ್ಕೆಯುಳ್ಳ ಉದ್ದನೆಯ ಪಟ್ಟಿಯೊಂದು ಇರುತ್ತದೆ. ಮಗುವನ್ನು ವಾಹನದ ಹಿಂಬದಿಗೆ ಮುಖಮಾಡಿ ಕೂರಿಸಿದಾಗ ಈ ಪಟ್ಟಿಯನ್ನು ಕಟ್ಟಬೇಕೆ, ಬಿಡಬೇಕೆ ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಮೊದಲು ಮಡಿಲಿನ ಮಾತು. ಚಲಿಸುತ್ತಿರುವ ವಸ್ತು ತಡೆಯಿಲ್ಲದಿದ್ದರೆ ಚಲಿಸುತ್ತಲೇ ಇರುವುದೆಂಬ ನ್ಯೂಟನ್ನನ ನಿಯಮವನ್ನು ವಿದ್ಯಾರ್ಥಿಗಳು ಓದಿರುತ್ತಾರೆ. ಗಂಟೆಗೆ ೫೦ ಕಿಲೋಮೀಟರು ವೇಗವೆಂದರೆ ಸೆಕೆಂಡಿಗೆ ಸುಮಾರು ೧೪ ಮೀಟರು. ಈ ವೇಗದ ಕಾರು ಯಾವುದಕ್ಕೋ ತಾಗಿ ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತಿತೆನ್ನಿ. ೧೦ ಕಿಲೋಗ್ರಾಂ ತೂಗುವ ಮಗುವನ್ನು ಹಿಡಿದು ನಿಲ್ಲಿಸಲು ೧೦ × ೧೪ ÷ ೦.೧, ಎಂದರೆ ೧,೪೦೦ ನ್ಯೂಟನ್ ಬಲ ಬೇಕು. ಅದು ಸುಮಾರು ೧೪೦ ಕಿಲೋಗ್ರಾಂ ಭಾರವನ್ನು ಎತ್ತಿ ಹಿಡಿದಂತೆ. ತಾಯಿಯ ಪ್ರೀತಿಗೆ ಎಣೆಯಿಲ್ಲ. ಆದರೆ ಯಾವ ತಾಯಿಯ ತೋಳಿಗೂ ಅಷ್ಟು ಬಲವಿಲ್ಲ.

ಇನ್ನು, ಹಿಂದುಮುಖವಾಗಿ ಕೂರಿಸುವುದೇಕೆ? ಹಸುಗೂಸಿನ ತಲೆ ಅದರ ಮೈಯುದ್ದದ ಸುಮಾರು ನಾಲ್ಕರಲ್ಲಿ ಒಂದು ಪಾಲು. ತಲೆ ಭಾರ, ಕತ್ತು ಎಳಸು. ಮುಂದುಮುಖವಾಗಿ ಕುಳಿತ ಶಿಶುವಿನ ಮೈಯನ್ನು ಪಟ್ಟಿಗಳು ಹಿಡಿದರೂ ತಲೆ ಮುಂದಕ್ಕೆ ಎಸೆಯಲ್ಪಟ್ಟು ಕತ್ತು ಜಗ್ಗಿಹೋಗುತ್ತದೆ. ಹಿಂದುಮುಖವಾಗಿದ್ದರೆ ಆಸನದ ಬೆನ್ನು ತಲೆ, ಕತ್ತು, ಬೆನ್ನು ಮೂರನ್ನೂ ಒಟ್ಟಿಗೆ ಆತುಕೊಳ್ಳುತ್ತದೆ. ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ ಎಂಬ ವೈದ್ಯರು ೧೯೬೦ರ ದಶಕದಲ್ಲಿ ಇಂಥ ಆಸನವನ್ನು ರೂಪಿಸಿದರು. ಬೆನ್ನ ಮೇಲೆ ಒರಗಿ ಬಲವನ್ನು ಮೈಯೆಲ್ಲಕ್ಕೂ ಹಂಚಿಕೊಳ್ಳುವ ವ್ಯೋಮಯಾತ್ರಿಗಳ ಆಸನವೇ ಅವರಿಗೆ ಸ್ಫೂರ್ತಿ. ೧೯೬೪ರಲ್ಲಿ ಇದರ ಮೊದಲ ಮಾದರಿಯನ್ನು ವೋಲ್ವೊ ಕಾರಿನಲ್ಲಿ ಪರೀಕ್ಷಿಸಲಾಯಿತು.

ಈಗ ಪಟ್ಟಿಯ ವಿಷಯಕ್ಕೆ ಬರೋಣ. ಆಸನವನ್ನು ಬುಡದಲ್ಲಿ ಮಾತ್ರ ಬಿಗಿದಿದ್ದರೆ ಅಪಘಾತದಲ್ಲಿ ಅದಕ್ಕೆ ಎರಡು ಚಲನೆಗಳುಂಟು. ಮೊದಲು ಶಿಶುವಿನ ತಲೆಯ ಕಡೆಯ ಭಾಗ ಕಾರಿನ ಮುಂಬದಿಗೆ ಬಾಗಿ ಕೆಳಕ್ಕೆ ಇಳಿಯುತ್ತದೆ. ಮರುಕ್ಷಣವೇ ಆಸನ ಪುಟಿದು ಕಾರಿನ ಹಿಂಬದಿಗೆ ಮರಳುತ್ತದೆ. ಸ್ವೀಡನ್ನಿನ ಪದ್ಧತಿಯಲ್ಲಿ ಪಟ್ಟಿ ಆಸನದ ತಲೆಯ ಕಡೆಯಿಂದ ಇಳಿದು ಮುಂದಿನ ಸೀಟಿನ ಬುಡದ ಬಳಿ ನೆಲಕ್ಕೆ ಬಿಗಿಯಲ್ಪಡುತ್ತದೆ. ಅದು ಮುಖ್ಯವಾಗಿ ಪುಟಿಯುವುದನ್ನು ತಡೆಯುತ್ತದೆ. ಆಸ್ಟ್ರೇಲಿಯದಲ್ಲಿ ಪಟ್ಟಿ ಕಾರಿನ ಸೀಟಿನ ಬೆನ್ನನ್ನು ದಾಟಿ ಹಿಂದಣ ಉಕ್ಕಿನ ಕೊಂಡಿಯನ್ನು ಸೇರುತ್ತದೆ. ಅದು ಮುಂದಕ್ಕೆ ಬಾಗುವುದನ್ನು ತಡೆಯುತ್ತದೆ. ಯುರೋಪಿನ ಹಲವು ಆಸನಗಳಲ್ಲಿ ಪಟ್ಟಿಗೆ ಬದಲಾಗಿ ನೆಲಕ್ಕೆ ಊರುವ ಕಾಲೊಂದಿರುತ್ತದೆ. ಅಮೆರಿಕದ ಹೆಚ್ಚಿನ ಆಸನಗಳಲ್ಲಾದರೋ ಪಟ್ಟಿಯಿರುವುದು ಮುಂದುಮುಖಕ್ಕೆ ಮಾತ್ರ. ಹಿಂದುಮುಖದಲ್ಲಿ ಅದನ್ನು ಮಡಿಸಿಡಬೇಕು.

ಹೀಗೆ ಎಲ್ಲರ ಗುರಿಯೂ ಒಂದೇ, ದಾರಿ ಬೇರೆ. ಪ್ರತಿಯೊಂದು ಆಸನವನ್ನೂ ಒಂದು ಗೊತ್ತಾದ ಕ್ರಮದಲ್ಲಿ ಕಟ್ಟಿ ಪರೀಕ್ಷಿಸಿರುತ್ತಾರೆ. ಆದುದರಿಂದ ನಮ್ಮ ಪ್ರಶ್ನೆಗೆ ಉತ್ತರವಿಷ್ಟು: ಹಿಂದುಮುಖದಲ್ಲಿ ಪಟ್ಟಿಯನ್ನು ಕಟ್ಟಬೇಕೆಂದು ಆ ಆಸನದ ಕೈಪಿಡಿ ಹೇಳಿದ್ದರೆ, ಹೇಳಿದ ಸ್ಥಳಕ್ಕೇ ತಪ್ಪದೆ ಕಟ್ಟಬೇಕು; ಕಟ್ಟಬಾರದೆಂದಿದ್ದರೆ ಕಟ್ಟಲೇಬಾರದು. ನೆರೆಮನೆಯವರು ಕಟ್ಟಿದ್ದಾರೆಂಬುದು ಪ್ರಮಾಣವಲ್ಲ. ಸಾಮಾನು ಸಿಕ್ಕಿಸುವ ಕೊಕ್ಕೆಗೋ ಬಾಗಿಲ ಹಿಡಿಗೋ ಕಟ್ಟಿದ ಪಟ್ಟಿ, ಹುಳು ತಿಂದ ತೊಲೆಗೆ ಕಟ್ಟಿದ ತೊಟ್ಟಿಲಿನಂತೆಯೇ ಸರಿ. ಕೈಪಿಡಿ ಕಳೆದುಹೋಗಿದ್ದರೆ ಆಸನದ ಮೇಲಿನ ಚೀಟಿಯಲ್ಲಿರುವ ಮಾದರಿಯ ಹೆಸರು ಹೇಳಿ, ತಯಾರಕರಿಂದ ಇನ್ನೊಂದನ್ನು ಪಡೆಯಲು ಯತ್ನಿಸಬೇಕು.

ಇನ್ನೆರಡು ಮಾತುಗಳನ್ನು ತಾಯ್ತಂದೆಗಳು ನೆನಪಿನಲ್ಲಿಡಬೇಕು. ಏರ್‌ಬ್ಯಾಗ್ ಎಂಬ ಗಾಳಿಚೀಲವು ಚಾಲೂ ಇರುವ ಮುಂದಿನ ಸೀಟಿನಲ್ಲಿ ಹಿಂದುಮುಖದ ಆಸನವನ್ನು ಎಂದಿಗೂ ಇಡಬಾರದು. ಚೀಲ ಉಬ್ಬಿ ಆಸನಕ್ಕೆ ಬಡಿದರೆ ಶಿಶುವಿನ ಪ್ರಾಣಕ್ಕೇ ಅಪಾಯ. ಮಗು ಬೆಳೆದು, ಆಸನವನ್ನು ಮುಂದುಮುಖವಾಗಿ ತಿರುಗಿಸಿದ ಮೇಲೆ, ಮೇಲಿನ ಪಟ್ಟಿಯುಳ್ಳ ಆಸನದಲ್ಲಿ ಅದನ್ನು ಕಟ್ಟುವುದನ್ನು ಮರೆಯಬಾರದು. ಆದರೆ ತಿರುಗಿಸಲು ಅವಸರ ಬೇಡ. ೨೦೧೩ರಲ್ಲಿ ಜಾರಿಗೆ ಬಂದ ವಿಶ್ವಸಂಸ್ಥೆಯ ೧೨೯ನೆಯ ನಿಯಮದಂತೆ ೧೫ ತಿಂಗಳು ಕಳೆಯುವವರೆಗಾದರೂ ಮಗು ಹಿಂದುಮುಖವಾಗಿಯೇ ಇರಬೇಕು.

೨೦೧೯ರಲ್ಲಿ ತಿದ್ದುಪಡಿಯಾದ ನಮ್ಮ ಮೋಟಾರು ವಾಹನ ಕಾಯಿದೆಯೂ ೧೪ ವರ್ಷ ತುಂಬದ ಮಕ್ಕಳನ್ನು ಸೀಟು ಬೆಲ್ಟಿನಿಂದಲೋ ಮಕ್ಕಳ ಆಸನದಿಂದಲೋ ಭದ್ರಪಡಿಸಬೇಕೆಂದು ವಿಧಿಸಿ, ತಪ್ಪಿದವರಿಗೆ ೧,೦೦೦ ರೂಪಾಯಿ ದಂಡವನ್ನು ಗೊತ್ತುಮಾಡಿದೆ. ದಂಡವನ್ನು ಹೇಗಾದರೂ ತೆರಬಹುದು. ಹೋದ ಜೀವವನ್ನು ತರಲಾರೆವು. ನಮ್ಮ ವಿದ್ಯಾರ್ಥಿಗಳಲ್ಲಿ ಯಾರ ಮನೆಯಲ್ಲಿ ಪುಟ್ಟ ತಮ್ಮನೋ ತಂಗಿಯೋ ಇದ್ದಾರೆಯೋ ಅವರು ಇಂದು ಸಂಜೆಯೇ ಆಸನದ ಕೈಪಿಡಿಯನ್ನು ಹುಡುಕಿ, ತಾಯ್ತಂದೆಗಳೊಡನೆ ಕುಳಿತು ಓದಲಿ. ಓದು ಮನೆಗೆ ಉಪಯೋಗವಾಗುವುದೆಂದರೆ ಇದೇ ಅಲ್ಲವೆ?