ಅಪ್ಪನ ವಿಮೆ ಹಣದಲ್ಲಿ ಸುಖವಿದೆಯೇ?

‘ನಾನು ದುಡಿಯುವುದೆಲ್ಲ ಮಕ್ಕಳಿಗಾಗಿಯೇ’ ಎಂದು ಹೇಳದ ತಂದೆ ಯಾವ ದೇಶದಲ್ಲಿದ್ದಾನೆ? ಆ ಮಾತು ಎಷ್ಟು ನಿಜ, ಎಷ್ಟು ನೆಪ ಎಂಬುದನ್ನು ಅಮೆರಿಕದ ನಾಟಕಕಾರರು ಮತ್ತೆ ಮತ್ತೆ ಕೆದಕಿ ನೋಡಿದ್ದಾರೆ.

ಆರ್ಥರ್ ಮಿಲ್ಲರ್‌ಗೆ ಈ ವಿಷಯ ಪುಸ್ತಕದಿಂದ ಸಿಕ್ಕಿದ್ದಲ್ಲ. ಅವರ ತಂದೆ ನ್ಯೂಯಾರ್ಕಿನಲ್ಲಿ ಕೋಟುಗಳನ್ನು ತಯಾರಿಸಿ ಚೆನ್ನಾಗಿಯೇ ಸಂಪಾದಿಸಿದ್ದವರು. 1929ರ ಆರ್ಥಿಕ ಕುಸಿತದಲ್ಲಿ ಆ ವ್ಯಾಪಾರ ಮುಳುಗಿತು. ಮ್ಯಾನ್‌ಹಟನ್‌ನ ಅನುಕೂಲದ ಬದುಕು ಹೋಗಿ ಬ್ರೂಕ್ಲಿನ್‌ನ ಚಿಕ್ಕ ಮನೆ ಉಳಿಯಿತು. ಹುಡುಗ ಮಿಲ್ಲರ್ ಅದನ್ನೆಲ್ಲ ಕಣ್ಣಾರೆ ಕಂಡರು.

1949ರಲ್ಲಿ ಬ್ರಾಡ್‌ವೇ ರಂಗಕ್ಕೆ ಬಂದ ಅವರ ‘ಡೆತ್ ಆಫ್ ಎ ಸೇಲ್ಸ್‌ಮನ್’ ನಾಟಕದ ವಿಲ್ಲಿ ಲೋಮನ್‌ಗೆ 63 ವರ್ಷ. ಊರೂರು ಅಲೆದು ಮಾಲು ಮಾರುವ ಕೆಲಸ. ಇನ್ನು ಅಲೆಯಲಾರೆ, ಊರಲ್ಲೇ ಕೆಲಸ ಕೊಡಿ, ವಾರಕ್ಕೆ 65 ಡಾಲರ್ ಸಾಕು ಎಂದು ಮಾಲೀಕನನ್ನು ಬೇಡಿ, ಐವತ್ತಕ್ಕೆ, ಕೊನೆಗೆ ನಲವತ್ತಕ್ಕೆ ಇಳಿಯುತ್ತಾನೆ. ಇದ್ದ ಕೆಲಸವೂ ಹೋಗುತ್ತದೆ. ಪಕ್ಕದ ಮನೆಯ ಚಾರ್ಲಿ ಕೊಡುವ ಸಾಲವನ್ನೇ ಸಂಬಳವೆಂದು ಹೆಂಡತಿಯ ಕೈಗಿಡುವುದು ಅವನ ಪಾಡು. ಆದರೆ ಅದೇ ಚಾರ್ಲಿ ಕೆಲಸ ಕೊಡುತ್ತೇನೆಂದರೆ ಬೇಡ! ಸ್ವಾಭಿಮಾನ ಎನ್ನೋಣವೇ, ಹಠ ಎನ್ನೋಣವೇ?

ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ‘ಅಮೆರಿಕದ ಕನಸಿನ ಪತನ’ ಎಂದು ಬರೆದು ಅಂಕ ಗಿಟ್ಟಿಸುತ್ತಾರೆ. ತಪ್ಪೇನಿಲ್ಲ. ಆದರೆ ನಾಟಕದ ಕ್ರೂರ ಕ್ಷಣ ಬೇರೆಡೆ ಇದೆ. ಹಿರಿಯ ಮಗ ಬಿಫ್, ತಾನು ದೊಡ್ಡ ಮನುಷ್ಯನಲ್ಲ, ಆಗುವುದೂ ಇಲ್ಲ, ಆ ಸುಳ್ಳು ಕನಸನ್ನು ಬಿಟ್ಟುಬಿಡು ಎಂದು ತಂದೆಯನ್ನು ಅಪ್ಪಿ ಅಳುತ್ತಾನೆ. ಮಗನಿಗೆ ತನ್ನ ಮೇಲೆ ಪ್ರೀತಿಯಿದೆ ಎಂಬುದು ವಿಲ್ಲಿಗೆ ಆಗ ಗೊತ್ತಾಗುತ್ತದೆ. ಬೇರೆ ತಂದೆಯಾಗಿದ್ದರೆ ಅಷ್ಟಕ್ಕೇ ನೆಮ್ಮದಿಯಾಗಿ ಮಲಗುತ್ತಿದ್ದನೋ ಏನೋ. ವಿಲ್ಲಿ ಲೆಕ್ಕ ಹಾಕುತ್ತಾನೆ: ಇಂಥ ಮಗನ ಕೈಗೆ ತನ್ನ ವಿಮೆಯ 20,000 ಡಾಲರ್ ಸಿಕ್ಕರೆ! ಅದೇ ರಾತ್ರಿ ಕಾರು ಹತ್ತಿ ಸಾವಿಗೆ ಹೊರಡುತ್ತಾನೆ. ಆ ಹಣ ಬಂತೇ ಇಲ್ಲವೇ ಎಂಬುದನ್ನು ಮಿಲ್ಲರ್ ಹೇಳುವುದೇ ಇಲ್ಲ. ಹೆಂಡತಿ ಲಿಂಡಾ ಸಮಾಧಿಯ ಮುಂದೆ ಕುಳಿತು, ಮನೆಯ ಕೊನೆಯ ಕಂತನ್ನು ಇವತ್ತೇ ಕಟ್ಟಿದೆ ಎಂದು ಅಳುತ್ತಾಳೆ.

ಎರಡು ವರ್ಷ ಮೊದಲು, 1947ರಲ್ಲಿ, ಮಿಲ್ಲರ್ ‘ಆಲ್ ಮೈ ಸನ್ಸ್’ನಲ್ಲಿ ಗೆದ್ದ ತಂದೆಯನ್ನೂ ತೋರಿಸಿದ್ದರು. ಕಾರ್ಖಾನೆಯ ಒಡೆಯ ಜೋ ಕೆಲ್ಲರ್ ಯುದ್ಧಕಾಲದಲ್ಲಿ ಬಿರುಕು ಬಿಟ್ಟ ಎಂಜಿನ್ ಭಾಗಗಳನ್ನು ಸೇನೆಗೆ ಸಾಗಿಸಿದ. 21 ಪೈಲಟ್‌ಗಳು ಸತ್ತರು. ಪಾಲುದಾರ ಜೈಲಿಗೆ ಹೋದ, ಜೋ ಮನೆಗೆ ಬಂದ. ಕೇಳಿದರೆ ಉತ್ತರ ಅದೇ: ಎಲ್ಲ ಸಂಸಾರಕ್ಕಾಗಿ. ಆ ಸಂಸಾರದ ಒಬ್ಬ ಮಗನೇ ಪೈಲಟ್. ಅಪ್ಪನ ಸುದ್ದಿ ಓದಿ ಅವನು ಸಾಯಲೆಂದೇ ವಿಮಾನ ಹತ್ತಿದ್ದ.

ಹಾಗಾದರೆ ಬಡತನವೇ ಲೇಸೇ? ಹಾಗೆನ್ನುವುದು ಹೊಟ್ಟೆ ತುಂಬಿದವರ ಮಾತು. 28ರ ಹರೆಯದ ಲೊರೇನ್ ಹ್ಯಾನ್ಸ್‌ಬೆರಿ ಬರೆದ ‘ಎ ರೇಸಿನ್ ಇನ್ ದ ಸನ್’ 1959ರಲ್ಲಿ ಬ್ರಾಡ್‌ವೇಗೆ ಬಂತು. ಕಪ್ಪು ಮಹಿಳೆಯೊಬ್ಬರ ನಾಟಕ ಅಲ್ಲಿ ಪ್ರದರ್ಶನಗೊಂಡದ್ದು ಅದೇ ಮೊದಲು. ಷಿಕಾಗೋದ ಇಕ್ಕಟ್ಟಾದ ಮನೆಯಲ್ಲಿ ಯಂಗರ್ ಕುಟುಂಬದ ಐವರು. ಮೊಮ್ಮಗ ಮಲಗುವುದು ಹಜಾರದ ಸೋಫಾದ ಮೇಲೆ. ಬಚ್ಚಲು ನೆರೆಯವರಿಗೂ ಸೇರಿದ್ದು. ಇಲ್ಲಿಗೂ ಬರುವುದು ವಿಮೆಯ ಹಣವೇ: ತೀರಿಕೊಂಡ ಯಜಮಾನನ 10,000 ಡಾಲರ್ ಚೆಕ್ಕು. ಮಗ ವಾಲ್ಟರ್‌ಗೆ ಮದ್ಯದಂಗಡಿಯ ಆಸೆ, ಮಗಳಿಗೆ ಡಾಕ್ಟರ್ ಓದು, ತಾಯಿ ಲೀನಾಗೆ ಸ್ವಂತ ಮನೆ. ತಾಯಿ 3,500 ಕಟ್ಟಿ ಬಿಳಿಯರ ಬಡಾವಣೆಯಲ್ಲಿ ಮನೆ ಗೊತ್ತುಮಾಡಿ, ಉಳಿದದ್ದನ್ನು ಮಗನ ಕೈಗೆ ಕೊಡುತ್ತಾಳೆ, ತಂಗಿಯ ಓದಿಗೆ 3,000 ತೆಗೆದಿಡು ಎಂದು ಹೇಳಿ. ಅವನು ಒಂದನ್ನೂ ತೆಗೆದಿಡದೆ ಸ್ನೇಹಿತನಿಗೆ ಕೊಟ್ಟು ಎಲ್ಲವನ್ನೂ ಕಳೆಯುತ್ತಾನೆ.

ಕರಿಯರು ಬರುವುದು ಬೇಡವೆಂದು ಬಡಾವಣೆಯವರು ಲಾಭ ಕೊಟ್ಟು ಮನೆಯನ್ನು ಕೊಳ್ಳಲು ಸಿದ್ಧರಿದ್ದಾರೆ. (ಹ್ಯಾನ್ಸ್‌ಬೆರಿಯ ತಂದೆಯೂ ಇಂಥದೇ ಮನೆಗಾಗಿ ಸುಪ್ರೀಂ ಕೋರ್ಟಿನವರೆಗೆ ಹೋಗಿ 1940ರಲ್ಲಿ ಗೆದ್ದವರು.) ಆ ಹಣ ಪಡೆಯಲು ವಾಲ್ಟರ್ ಅವರ ಪ್ರತಿನಿಧಿಯನ್ನು ಕರೆಸುತ್ತಾನೆ. ಮೊಮ್ಮಗ ಇಲ್ಲೇ ಇರಲಿ, ನೋಡಲಿ ಎನ್ನುತ್ತಾಳೆ ಲೀನಾ. ಮಗನ ಕಣ್ಣೆದುರಿಗೆ ವಾಲ್ಟರ್‌ಗೆ ಬಾಯಿ ಬರುವುದಿಲ್ಲ. ಅಪ್ಪ ಗಳಿಸಿಕೊಟ್ಟ ಮನೆ, ಹೋಗುತ್ತೇವೆ ಎಂದುಬಿಡುತ್ತಾನೆ. ಕೈಯಲ್ಲಿ ಕಾಸಿಲ್ಲ, ಕಟ್ಟಬೇಕಾದ ಕಂತುಗಳು ಬೇಕಾದಷ್ಟಿವೆ. ಸಾಮಾನು ಸಾಗಿದ ಮೇಲೆ ಲೀನಾ ಖಾಲಿ ಮನೆಯೊಳಗೆ ಮತ್ತೆ ಬಂದು, ಬಿಸಿಲು ಕಾಣದೆ ಸೊರಗಿದ ತನ್ನ ಕುಂಡದ ಗಿಡವನ್ನು ಎತ್ತಿಕೊಂಡು ಹೊರಡುತ್ತಾಳೆ.