ಸೊಕ್ಕಲ್ಲ, ಸಂಕಟ

ಬೆಳಗಾವಿಯ ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಮೈದಾನಕ್ಕೆ ಬೆಳಗಿನ ವಾಕಿಂಗಿಗೆ ಬರುವವರಲ್ಲಿ ಎಷ್ಟೋ ಮಂದಿ ನಾಯಿ ಹಿಡಿದುಕೊಂಡೇ ಬರುತ್ತಾರೆ. ಲ್ಯಾಬ್ರಡಾರ್, ಪಗ್, ಜರ್ಮನ್ ಶೆಫರ್ಡ್, ಈಚೀಚೆಗೆ ಮುಧೋಳ ತಳಿಯವು, ಓಣಿಯಿಂದ ಎತ್ತಿ ತಂದು ಸಾಕಿದವೂ ಇವೆ. ನಾಯಿಗಳು ಒಂದನ್ನೊಂದು ಮೂಸುತ್ತಿರುವಾಗ ಸಾಕಿದವರು ನಿಂತು ಮಾತಿಗೆ ತೊಡಗುತ್ತಾರೆ. ಮಾತೆಲ್ಲ ಹೆಚ್ಚಾಗಿ ದೂರೇ.

"ಎರಡ ದಿವಸ ಆತ್ರೀ, ಊಟಾನ ಮುಟ್ಟವಲ್ದು. ಚಿಕನ್ನ ಬೇಕಂತ ಹಟ ಹಿಡದೈತಿ."

"ನಮ್ಮದು ಮೊದಲ ಹಿಂಗ ಇರಲಿಲ್ರೀ. ಈಗ ಬೆನ್ನ ಮುಟ್ಟಿದ್ರ ಗುರ್ ಅಂತೈತಿ. ಸೊಕ್ಕ ಬಂದೈತಿ."

ಹಟ, ಸೊಕ್ಕು. ಈ ಎರಡು ಮಾತುಗಳಿಂದಾಗಿ ಎಷ್ಟೋ ನಾಯಿಗಳ ಚಿಕಿತ್ಸೆ ವಾರಗಟ್ಟಲೆ ತಡವಾಗುತ್ತದೆ. ಊಟ ಬಿಟ್ಟ ನಾಯಿಗೆ ಜ್ವರ ಇರಬಹುದು. ಮುಟ್ಟಿದರೆ ಗುರುಗುಟ್ಟುವ ನಾಯಿಗೆ ಸೊಂಟವೋ ಹಲ್ಲೋ ಕಿವಿಯೋ ನೋಯುತ್ತಿರಬಹುದು. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದ ಡೇನಿಯಲ್ ಮಿಲ್ಸ್ ಮತ್ತು ಜತೆಗಾರರು 2020ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ನಡವಳಿಕೆ ಕೆಟ್ಟಿದೆ ಎಂದು ತಜ್ಞರ ಬಳಿಗೆ ಬರುವ ನಾಯಿ-ಬೆಕ್ಕುಗಳಲ್ಲಿ ಕಡಿಮೆ ಎಂದರೂ ಮೂರರಲ್ಲೊಂದಕ್ಕೆ ಯಾವುದೋ ನೋವು ಇದ್ದೇ ಇರುತ್ತದೆ ಎಂದಿದ್ದಾರೆ. ಕೆಲವು ತಜ್ಞರ ಬಳಿ ಬಂದವುಗಳಲ್ಲಿ ಆ ಪ್ರಮಾಣ ಶೇ 80ರ ಹತ್ತಿರ ಇತ್ತಂತೆ. ಅಂದಮೇಲೆ ಇದ್ದಕ್ಕಿದ್ದಂತೆ ಗುಣ ಬದಲಾದ ನಾಯಿಯನ್ನು ಗದರುವ ಮೊದಲು ಅದರ ಮೈ ನೋಡಬೇಕು.

ಮೈ ನೋಡುವುದು ಕಷ್ಟದ ಕೆಲಸವಲ್ಲ. ಮೇಲ್ದುಟಿಯನ್ನು ಮೆಲ್ಲಗೆ ಎತ್ತಿ ವಸಡು ನೋಡಿ, ಅದು ನಸುಗೆಂಪಾಗಿರಬೇಕು. ಬೆರಳಿನಿಂದ ಒತ್ತಿ ಬಿಟ್ಟರೆ ಬೆಳ್ಳಗಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪೇರಬೇಕು. ವಸಡು ಸುಣ್ಣದ ಬಣ್ಣಕ್ಕೆ ತಿರುಗಿದ್ದರೆ ಮರುದಿನದವರೆಗೆ ಕಾಯುವಂತಿಲ್ಲ. ಮೂಗು ತಣ್ಣಗಿದೆಯೋ ಒಣಗಿದೆಯೋ ಎಂದು ಮುಟ್ಟಿ ನೋಡಿ ಜ್ವರ ಅಳೆಯುವ ಹಳೆಯ ರೂಢಿ ನಂಬಿಕೆಗೆ ತಕ್ಕದ್ದಲ್ಲ. ನಾಯಿಯ ಸಹಜ ಉಷ್ಣತೆಯೇ ಸುಮಾರು 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಕೈಗೆ ಅದು ಯಾವಾಗಲೂ ಬಿಸಿಯಾಗಿಯೇ ಇರುತ್ತದೆ. ಥರ್ಮಾಮೀಟರನ್ನು ಗುದದಲ್ಲಿಟ್ಟು ನೋಡಿದರೆ ಮಾತ್ರ ನಿಜ ತಿಳಿಯುತ್ತದೆ.

ಉಣ್ಣಿಯ ಕಾಟ

ಬೆಳಗಾವಿಯ ನಾಯಿ ಊಟ ಬಿಟ್ಟು ಮಂಕಾಗಿ ಮಲಗಿತೆಂದರೆ ಮೊದಲು ಅನುಮಾನ ಪಡಬೇಕಾದದ್ದು ಉಣ್ಣಿಯನ್ನು. ನಮ್ಮ ಊರಿನ ಹವೆ ನಮಗೆ ಎಷ್ಟು ಹಿತವೋ ಉಣ್ಣಿಗೂ ಅಷ್ಟೇ ಹಿತ. ಮಳೆಗಾಲದ ಮುಂಚಿನ ಸೆಕೆಯಲ್ಲಿ, ಮಳೆ ನಿಂತು ಬಿಸಿಲು ಬಿದ್ದ ಮೇಲೆ ಅದರ ಹಾವಳಿ ಜೋರು. ನಾಯಿಗೆ ಅಂಟುವ ಕಂದು ಉಣ್ಣಿಯ ಹೆಣ್ಣು ರಕ್ತ ಹೀರಿ ಹೆಸರುಕಾಳಿಗಿಂತ ದೊಡ್ಡದಾಗಿ ಊದಿಕೊಂಡು ಕೆಳಗೆ ಉದುರಿ, ಗೋಡೆಯ ಬಿರುಕಿನಲ್ಲೋ ಬಾಗಿಲ ಚೌಕಟ್ಟಿನ ಸಂದಿಯಲ್ಲೋ ಸೇರಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಮರಿಯಾಗಿ ಒಮ್ಮೆ, ಬೆಳೆಯುವಾಗ ಒಮ್ಮೆ, ಬಲಿತ ಮೇಲೆ ಒಮ್ಮೆ, ಹೀಗೆ ಮೂರು ಸಲ ನಾಯಿಯ ಮೈ ಹತ್ತಿ ಇಳಿಯುತ್ತದೆ. ನಾಯಿಗೆ ಮಾತ್ರ ಔಷಧಿ ಹಾಕಿ ಮನೆಯ ಸಂದಿಗೊಂದಿಗಳನ್ನು ಬಿಟ್ಟರೆ ಹದಿನೈದು ದಿನಕ್ಕೆ ಮತ್ತೆ ಅದೇ ಕಥೆ. ಹಿಂದವಾಡಿ, ಟಿಳಕವಾಡಿಯ ಹಳೆಯ ಮನೆಗಳ ಕಲ್ಲಿನ ಕಂಪೌಂಡು, ಅಂಗಳದ ಮೂಲೆ, ನಾಯಿ ಮಲಗುವ ಗೋಣಿಚೀಲ, ಇವನ್ನೆಲ್ಲ ಒಟ್ಟಿಗೇ ಶುಚಿ ಮಾಡಬೇಕು.

ಉಣ್ಣಿ ಹೀರುವ ರಕ್ತಕ್ಕಿಂತ ಅದು ಬಿಟ್ಟುಹೋಗುವ ರೋಗ ದೊಡ್ಡದು. ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾ ರಕ್ತ ಸೇರಿ ಒಂದರಿಂದ ಮೂರು ವಾರದೊಳಗೆ ಜ್ವರ ಬರುತ್ತದೆ, ಪ್ಲೇಟ್‌ಲೆಟ್ ಇಳಿಯುತ್ತದೆ. ಕೆಲವಕ್ಕೆ ಮೂಗಿನಿಂದ ರಕ್ತ ಸುರಿಯುತ್ತದೆ. ಆಮೇಲೆ ತಾನೇ ವಾಸಿಯಾದಂತೆ ಕಾಣುವ ಒಂದು ಘಟ್ಟವಿದೆ. ನಾಯಿ ಉಣ್ಣುತ್ತದೆ, ಆಡುತ್ತದೆ, ಮನೆಯವರು ಸಮಾಧಾನಪಟ್ಟುಕೊಳ್ಳುತ್ತಾರೆ. ಒಳಗೊಳಗೇ ರೋಗ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕುಳಿತಿದ್ದು, ಕೊನೆಗೆ ಎಲುಬಿನ ಮಜ್ಜೆಯನ್ನೇ ಕೆಡಿಸಿದಾಗ ಕೈಮೀರಿರುತ್ತದೆ. ವೈದ್ಯರು ಡಾಕ್ಸಿಸೈಕ್ಲಿನ್ ಮಾತ್ರೆಯನ್ನು 28 ದಿನ ಕೊಡಿ ಎನ್ನುವುದು ಇದಕ್ಕಾಗಿಯೇ. ಐದನೇ ದಿನಕ್ಕೆ ನಾಯಿ ಗೆಲುವಾಯಿತೆಂದು ಮಾತ್ರೆ ನಿಲ್ಲಿಸುವವರು ಬಹಳ. ದಯವಿಟ್ಟು ನಿಲ್ಲಿಸಬೇಡಿ. ಬಬೇಸಿಯಾ ಎಂಬ ಇನ್ನೊಂದು ರೋಗಾಣು ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ. ಮೂತ್ರ ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅವತ್ತೇ ದವಾಖಾನೆಗೆ ಹೋಗಬೇಕು.

ಕಿವಿಯ ಮಡಿಕೆ, ಕೊರಳಪಟ್ಟಿಯ ಕೆಳಗೆ, ಕಾಲ್ಬೆರಳ ಸಂದಿ, ಕಂಕುಳು, ಇವು ಉಣ್ಣಿ ಅಡಗುವ ಜಾಗಗಳು. ಚಿಮಟದಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರವಾಗಿ ಮೇಲಕ್ಕೆ ಎಳೆಯಬೇಕು. ಉಗುರಿನಲ್ಲಿ ಹೊಸಕುವುದು, ಸೀಮೆಎಣ್ಣೆ ಹಚ್ಚುವುದು, ಸಿಗರೇಟಿನಿಂದ ಸುಡುವುದು ಬೇಡವೇ ಬೇಡ. ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ಕೊಡುವ ಮಾತ್ರೆಗಳು ಈಗ ಸಿಗುತ್ತವೆ, ಪರಿಣಾಮವೂ ಚೆನ್ನಾಗಿದೆ. ನಾಯಿಗೆ ಫಿಟ್ಸ್ ಬಂದ ಹಿನ್ನೆಲೆ ಇದ್ದರೆ ಈ ಮಾತ್ರೆ ಕೊಡುವ ಮೊದಲೇ ವೈದ್ಯರಿಗೆ ಹೇಳಿ.

ಮಳೆಗಾಲದ ಇನ್ನೊಂದು ದೂರು ಕಿವಿಯದು. ತಲೆ ಒದರುವುದು, ಕಿವಿಯನ್ನು ಸೋಫಾಕ್ಕೆ ಉಜ್ಜುವುದು, ಹುಳಿ ಹಿಟ್ಟಿನಂಥ ವಾಸನೆ. ಜೋಲುಕಿವಿಯ ಲ್ಯಾಬ್ರಡಾರ್, ಕಾಕರ್ ನಾಯಿಗಳಿಗೆ ಇದು ತಪ್ಪಿದ್ದಲ್ಲ. ನೆನೆದು ಬಂದ ಮೇಲೆ ಕಿವಿ, ಬೆರಳ ಸಂದಿ ಒರೆಸಿದರೆ ಅರ್ಧ ತೊಂದರೆ ತಪ್ಪುತ್ತದೆ. ಇಯರ್ ಬಡ್ ಒಳಗೆ ತುರುಕಬೇಡಿ.

ಮನೆಯೊಳಗೇ ಮೂತ್ರ ಮಾಡುವ ದೊಡ್ಡ ನಾಯಿಯ ವಿಷಯವೂ ಹೀಗೇ, ಅದು ಸೊಕ್ಕಲ್ಲ. ಮೂತ್ರಕೋಶದ ಸೋಂಕು, ಸಕ್ಕರೆ ಕಾಯಿಲೆ, ಕಿಡ್ನಿಯ ತೊಂದರೆ, ಇಲ್ಲವೇ ಬರೀ ವಯಸ್ಸು, ಯಾವುದೂ ಇರಬಹುದು. ನಾಯಿಯ ಮೂಗನ್ನು ಮೂತ್ರದಲ್ಲೇ ತಿಕ್ಕಿ ಬಡಿಯುವ ಪದ್ಧತಿಯನ್ನು ನಾನು ಇನ್ನೂ ಕಾಣುತ್ತೇನೆ. ಅದರಿಂದ ನಾಯಿ ಕಲಿಯುವುದು ನಿಮ್ಮನ್ನು ಕಂಡು ಹೆದರುವುದನ್ನು ಮಾತ್ರ. ಸಂತಾನಹರಣ ಮಾಡಿಸದ ಹೆಣ್ಣುನಾಯಿ ಬೆದೆ ಮುಗಿದು ಒಂದೆರಡು ತಿಂಗಳಲ್ಲಿ ಬಕೆಟ್‌ಗಟ್ಟಲೆ ನೀರು ಕುಡಿಯತೊಡಗಿ, ಊಟ ಬಿಟ್ಟು, ಹೊಟ್ಟೆ ಉಬ್ಬಿದರೆ ಗರ್ಭಕೋಶದಲ್ಲಿ ಕೀವು ತುಂಬಿರುವ ಸಂಭವ ಹೆಚ್ಚು. ಅದು ಜೀವಕ್ಕೇ ಎರವಾಗುವ ರೋಗ, ಶಸ್ತ್ರಚಿಕಿತ್ಸೆಯೇ ಅದಕ್ಕೆ ಮುಖ್ಯ ದಾರಿ. "ಒಮ್ಮೆಯಾದ್ರೂ ಮರಿ ಹಾಕ್ಲಿ" ಎಂದು ಕಾಯುವುದರಿಂದ ನಾಯಿಯ ಆರೋಗ್ಯಕ್ಕೆ ಯಾವ ಲಾಭವೂ ಇಲ್ಲ.

ಅಡುಗೆಮನೆಯ ಮಾತು ಚುಟುಕಾಗಿ: ಒಣದ್ರಾಕ್ಷಿ, ಹಸಿ ದ್ರಾಕ್ಷಿ ನಾಯಿಯ ಕಿಡ್ನಿ ಕೆಡಿಸಬಲ್ಲವು. ಉಳ್ಳಾಗಡ್ಡಿ, ಬಳ್ಳೊಳ್ಳಿ ರಕ್ತಕಣ ಒಡೆಯುತ್ತವೆ, ಆದ್ದರಿಂದ ನಮ್ಮ ಚಿಕನ್ ರಸ್ಸಾ ಕಲಸಿದ ಅನ್ನ ಬೇಡ. ಸಿಹಿ ಕುಂದಾ ಕೊಟ್ಟರೆ ಬಾಲ ಅಲ್ಲಾಡಿಸುತ್ತದೆ ನಿಜ, ಜತೆಗೆ ತೂಕವೂ ಏರುತ್ತದೆ. ಜ್ವರಕ್ಕೆಂದು ನಮ್ಮ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮಾತ್ರೆಗಳನ್ನು ಕೊಡಲೇಬಾರದು.

ಡಾಲ್ಬಿಯ ರಾತ್ರಿ

ಬೆಳಗಾವಿಯ ಸಾರ್ವಜನಿಕ ಗಣೇಶೋತ್ಸವ 1905ರಲ್ಲಿ ಝೇಂಡಾ ಚೌಕದಲ್ಲಿ ಶುರುವಾದದ್ದು. ಅನಂತ ಚತುರ್ದಶಿಯ ಮೆರವಣಿಗೆ ಕಪಿಲೇಶ್ವರ ಹೊಂಡ ಮುಟ್ಟಿ ಮುಗಿಯುವಷ್ಟರಲ್ಲಿ ಮರುದಿನವಾಗಿರುತ್ತದೆ. ಊರಿನ ಹೆಮ್ಮೆಯ ಹಬ್ಬ ಅದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಡಾಲ್ಬಿ ಸ್ಪೀಕರುಗಳ ಸದ್ದು ಎದೆ ನಡುಗಿಸುವ ಆ ಹೊತ್ತಿನಲ್ಲಿ ಮನೆಯ ನಾಯಿಯ ಪಾಡು ಒಮ್ಮೆ ನೋಡಿ. ಮನುಷ್ಯನ ಕಿವಿ ಹಿಡಿಯುವುದು 20,000 ಹರ್ಟ್ಸ್‌ವರೆಗೆ. ನಾಯಿಯದು ಸುಮಾರು 45,000ದವರೆಗೆ. ನಮಗೆ ಕೇಳಿಸದ ಮೆಲುದನಿಯೂ ಅದಕ್ಕೆ ಕೇಳುತ್ತದೆ. ಡಾಲ್ಬಿಯ ಆ ಸದ್ದು ಎಲ್ಲಿಂದ, ಏಕೆ, ಯಾವಾಗ ನಿಲ್ಲುತ್ತದೆ ಎಂಬುದು ಮಾತ್ರ ಗೊತ್ತಾಗುವುದಿಲ್ಲ.

ಹೆದರಿದ ನಾಯಿ ಎಲ್ಲ ಸಲ ಮಂಚದ ಕೆಳಗೆ ಸೇರುವುದಿಲ್ಲ. ಕೆಲವು ಬಾಯಿ ತೆರೆದು ಏದುಸಿರು ಬಿಡುತ್ತ ಮನೆಯೆಲ್ಲ ಸುತ್ತುತ್ತವೆ. ಕೆಲವು ತುಟಿ ನೆಕ್ಕುತ್ತವೆ, ನಿದ್ದೆ ಬರದೆಯೇ ಆಕಳಿಸುತ್ತವೆ, ಮುಖ ಆಚೆ ತಿರುಗಿಸಿ ಕಣ್ಣಂಚಿನ ಬಿಳಿ ಕಾಣುವಂತೆ ನೋಡುತ್ತವೆ. ಇವೆಲ್ಲ ಗುರುಗುಟ್ಟುವಿಕೆಯ ಮುಂಚಿನ ಸೂಚನೆಗಳು. ಮಕ್ಕಳು ಹೋಗಿ ಅಪ್ಪಿಕೊಳ್ಳಲು ಅದು ಸಮಯವಲ್ಲ. ಮಗುವನ್ನು ಕಚ್ಚಿದ ನಾಯಿಯ ಬಗ್ಗೆ "ಏನೂ ಕಾರಣಾನ ಇರಲಿಲ್ಲ" ಎನ್ನುವವರು, ಆ ಸೂಚನೆಗಳು ಬಂದಾಗ ನೋಡಿರುವುದಿಲ್ಲ.

ಹೆದರಿದ್ದಾಗ ಸಮಾಧಾನ ಮಾಡಿದರೆ ಅಂಜುಬುರುಕತನ ಇನ್ನೂ ಹೆಚ್ಚುತ್ತದೆ ಎಂಬ ನಂಬಿಕೆ ಬಲವಾಗಿದೆ. ಅದು ತಪ್ಪು. ಭಯ ಎಂಬುದು ಮುದ್ದು ಸಿಗಲೆಂದು ಮಾಡುವ ಕೆಲಸವಲ್ಲ. ಬಳಿ ಬಂದರೆ ಕೂರಿಸಿಕೊಳ್ಳಿ. ಮೆರವಣಿಗೆಯ ದಿನ ಸಂಜೆಗೆ ಮೊದಲೇ ಸುತ್ತಾಡಿಸಿ, ಒಳಗಿನ ಕೋಣೆಯಲ್ಲಿ ಕಿಟಕಿ ಮುಚ್ಚಿ, ಫ್ಯಾನೋ ಟಿವಿಯೋ ಹಚ್ಚಿ, ಕೊರಳಲ್ಲಿ ಫೋನ್ ನಂಬರಿನ ಬಿಲ್ಲೆ ಇರಲಿ. ಗಚ್ಚಿಯ ಮೇಲೆ ಕಟ್ಟಿ ಹಾಕಿ ಮೆರವಣಿಗೆ ನೋಡಲು ಹೋಗಬೇಡಿ; ಹಗ್ಗ ಸಮೇತ ಜಿಗಿದು ಸಾಯುವ ನಾಯಿಗಳಿವೆ. ಭಯ ವಿಪರೀತವಾಗಿದ್ದರೆ ವೈದ್ಯರನ್ನು ವಾರದ ಮುಂಚೆಯೇ ಕಾಣಬೇಕು. ಬರೀ ಮಂಪರು ಬರಿಸುವ ಹಳೆಯ ಔಷಧಿಯೊಂದನ್ನೇ ಕೊಟ್ಟರೆ ನಾಯಿಯ ಮೈ ಅಲುಗಾಡುವುದಿಲ್ಲ, ಕಿವಿ ಮಾತ್ರ ಎಲ್ಲವನ್ನೂ ಕೇಳುತ್ತಿರುತ್ತದೆ. ಭಯವನ್ನೇ ಇಳಿಸುವ ಔಷಧಿಗಳು ಇವೆ, ಅವನ್ನು ಕೇಳಿ ಪಡೆಯಿರಿ.

ಏಳೆಂಟು ವರ್ಷ ಪಟಾಕಿಗೆ ಕಿವಿಗೊಡದಿದ್ದ ನಾಯಿ ಈ ವರ್ಷ ಏಕಾಏಕಿ ನಡುಗತೊಡಗಿದರೆ? ಲಿಂಕನ್ ವಿಶ್ವವಿದ್ಯಾಲಯದ್ದೇ 2018ರ ಅಧ್ಯಯನವೊಂದು ಇಲ್ಲಿ ದಾರಿ ತೋರುತ್ತದೆ. ಸದ್ದಿಗೆ ಬೆಚ್ಚಿದಾಗ ಸ್ನಾಯು ಬಿಗಿಯುತ್ತದೆ. ನೋಯುತ್ತಿರುವ ಕೀಲು ಆಗ ಇನ್ನಷ್ಟು ನೋಯುತ್ತದೆ. ನಾಯಿ ಆ ನೋವನ್ನೂ ಸದ್ದನ್ನೂ ಜೋಡಿಸಿಕೊಳ್ಳಬಹುದು. ಮುದಿನಾಯಿಯ ಹೊಸ ಭಯಕ್ಕೆ ಮದ್ದು ಅದರ ಸೊಂಟದ ಎಕ್ಸ್‌ರೇಯಲ್ಲಿ ಸಿಗಬಹುದು.

ಮುಧೋಳ ನಾಯಿಯ ಬಗ್ಗೆ ಒಂದು ಮಾತು. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದು, ಸೇನೆಯವರೆಗೂ ಹೋದ ನಮ್ಮದೇ ನೆಲದ ತಳಿ. ಸಾಕುವವರು ಹೆಚ್ಚುತ್ತಿರುವುದು ಸಂತೋಷ. ಆದರೆ ಅದು ಬಯಲಿನಲ್ಲಿ ಕಣ್ಣಳತೆಗೆ ಬಿದ್ದ ಬೇಟೆಯ ಹಿಂದೆ ಓಡಲೆಂದೇ ಬೆಳೆದ ಮೈ. ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ದಿನಕ್ಕೆ ಎರಡು ಸಲ ಹತ್ತು ಹತ್ತು ನಿಮಿಷ ಇಳಿಸಿದರೆ ಚಪ್ಪಲಿ ಹರಿಯುತ್ತದೆ, ಬಾಗಿಲು ಕೆರೆಯುತ್ತದೆ. ಪಕ್ಕೆಲುಬು ಕಾಣುವುದು ಅದಕ್ಕೆ ಸಹಜ. ಬಡಕಲಾಗಿದೆ ಎಂದು ತುರುಕಿ ತುರುಕಿ ತಿನ್ನಿಸಬೇಡಿ. ಮೈಯಲ್ಲಿ ಕೊಬ್ಬು ಕಡಿಮೆ, ಹಾಗಾಗಿ ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಡುವ ಮುನ್ನ ತಳಿ ಯಾವುದೆಂದು ವೈದ್ಯರ ಗಮನಕ್ಕೆ ತನ್ನಿ.

ಖಾನಾಪುರದ ಕಡೆ

ಮಲಪ್ರಭೆ ಹುಟ್ಟುವ ಕಣಕುಂಬಿಯ ಸುತ್ತ ಮಳೆ ಹಿಡಿದರೆ ಬಿಡುವುದಿಲ್ಲ. ಗದ್ದೆ, ಕಾಡು, ಮನೆ ಒಂದಕ್ಕೊಂದು ಅಂಟಿಕೊಂಡ ಆ ಊರುಗಳಲ್ಲಿ ನಾಯಿಯ ಕಷ್ಟಗಳೂ ಬೇರೆ. ಬದುವಿನ ಮೇಲೆ ಮೂಗು ಹಾಕಿ ಹಾವು ಕಚ್ಚಿಸಿಕೊಂಡು ಮೂತಿ ಊದಿಸಿಕೊಂಡು ಬರುತ್ತದೆ. ಕಟ್ಟು ಕಟ್ಟಬೇಡಿ, ಗಾಯ ಕೊಯ್ಯಬೇಡಿ, ನಡೆಸದೆ ಎತ್ತಿಕೊಂಡು ದವಾಖಾನೆಗೆ ಒಯ್ಯಿರಿ. ಮನುಷ್ಯರಿಗೆ ಕೊಡುವ ವಿಷಹರ ಚುಚ್ಚುಮದ್ದೇ ಅದಕ್ಕೂ ಆಗುತ್ತದೆ. ಕಪ್ಪೆಗೆ ಬಾಯಿ ಹಾಕಿ ನೊರೆ ಸುರಿಸುತ್ತಿದ್ದರೆ ತಲೆ ಕೆಳಗೆ ಮಾಡಿ ಬಾಯನ್ನು ನೀರಿನಿಂದ ಚೆನ್ನಾಗಿ ತೊಳೆಯಿರಿ. ರಾತ್ರಿ ಅಂಗಳದಲ್ಲಿ ಸರಪಳಿ ಹಾಕಿದ ನಾಯಿ ಚಿರತೆಗೆ ಸುಲಭದ ತುತ್ತು. 2022ರ ಆಗಸ್ಟ್‌ನಲ್ಲಿ ಬೆಳಗಾವಿಯ ಗಾಲ್ಫ್ ಮೈದಾನದಲ್ಲೇ ಚಿರತೆ ಸೇರಿ ಸುತ್ತಲಿನ ಶಾಲೆಗಳಿಗೆ ರಜೆ ಕೊಟ್ಟದ್ದು ನೆನಪಿರಬಹುದು.

ಖಾನಾಪುರದ ಕಡೆಯ ನಾಯಿಗಳಿಗೆ ಲಸಿಕೆ ಹಾಕಿಸುವುದು ಕಾಡಿಗೂ ಸಂಬಂಧಿಸಿದ್ದು. 2011ರಲ್ಲಿ ವನ್ಯಧಾಮವಾದ ಭೀಮಗಡದಲ್ಲಿ ಸೀಳುನಾಯಿಗಳಿವೆ. ಡಿಸ್ಟೆಂಪರ್ ರೋಗ ಸಾಕುನಾಯಿಯಿಂದ ಅವಕ್ಕೆ ದಾಟಬಲ್ಲದು. ಗುಜರಾತಿನ ಗಿರ್ ಕಾಡಿನಲ್ಲಿ 2018ರಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಕೆಲವುಗಳಲ್ಲಿ ಪತ್ತೆಯಾದದ್ದು ಇದೇ ಡಿಸ್ಟೆಂಪರ್ ವೈರಸ್, ಜತೆಗೆ ಉಣ್ಣಿ ತರುವ ಬಬೇಸಿಯಾ. ಮರಿಗೆ ಆರೆಂಟು ವಾರವಾದಾಗ ಶುರುಮಾಡಿ, ಮೂರ್ನಾಲ್ಕು ವಾರಕ್ಕೊಮ್ಮೆಯಂತೆ ಹದಿನಾರು ವಾರ ತುಂಬುವವರೆಗೆ ಹಾಕಿಸಿದರೆ ಡಿಸ್ಟೆಂಪರ್, ಪಾರ್ವೊ ಎರಡಕ್ಕೂ ತಡೆ. ಒಂದೇ ಚುಚ್ಚುಮದ್ದಿಗೆ ನಿಲ್ಲಿಸಿದ ಮರಿಗಳು ಪಾರ್ವೊದ ರಕ್ತಭೇದಿಯಿಂದ ಸಾಯುವುದುಂಟು.

ಇನ್ನು ರೇಬಿಸ್. ಅದರ ಮೊದಲ ಲಕ್ಷಣವೂ ಗುಣ ಬದಲಾಗುವುದೇ. ಮನೆಯವರನ್ನು ಬಿಟ್ಟಿರದ ನಾಯಿ ಕತ್ತಲ ಮೂಲೆ ಸೇರುತ್ತದೆ, ಬೊಗಳುವ ದನಿ ಒಡೆಯುತ್ತದೆ, ನೀರು ನುಂಗಲಾರದೆ ಜೊಲ್ಲು ಸುರಿಸುತ್ತದೆ. ಗಂಟಲಲ್ಲಿ ಎಲುಬು ಸಿಕ್ಕಿದೆ ಎಂದು ಬಾಯೊಳಗೆ ಕೈ ಹಾಕುವುದು ಅತಿ ಅಪಾಯದ ಕೆಲಸ. ನಾಯಿ ಕಚ್ಚಲಿ, ಪರಚಲಿ, ಅದು ಸಾಕಿದ ಮರಿಯೇ ಆಗಿರಲಿ, ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಖಾರಪುಡಿ ಹಚ್ಚಬಾರದು. ಸ್ನಾಯುವಿಗೆ ಕೊಡುವ ಲಸಿಕೆಯಾದರೆ ಮೊದಲ ದಿನ, ನಂತರ 3, 7, 14, 28ನೇ ದಿನ ತಪ್ಪದೆ ಹಾಕಿಸಿಕೊಳ್ಳಬೇಕು. ರಕ್ತ ಬಂದ ಗಾಯಕ್ಕೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು. ರೋಗಲಕ್ಷಣ ಕಂಡ ಮೇಲೆ ಮನುಷ್ಯ ಬದುಕುವುದು ಇಲ್ಲವೆಂದೇ ಹೇಳಬೇಕು. ಕರ್ನಾಟಕ ಸರ್ಕಾರ 2022ರಲ್ಲಿ ಮನುಷ್ಯರ ರೇಬಿಸ್ಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಪಟ್ಟಿಗೆ ಸೇರಿಸಿತು.

ಖಾನಾಪುರದಿಂದ ಚೋರ್ಲಾ ಘಾಟ್ ಇಳಿದರೆ ಗೋವಾ. ಮಿಷನ್ ರೇಬಿಸ್ ಸಂಸ್ಥೆಯ ಜತೆ ಸೇರಿ ಆ ರಾಜ್ಯ ವರ್ಷಗಟ್ಟಲೆ ಓಣಿ ಓಣಿ ತಿರುಗಿ, ಬಲೆ ಹಾಕಿ ಹಿಡಿದು, ಬೀದಿನಾಯಿಗಳಿಗೂ ಮನೆನಾಯಿಗಳಿಗೂ ಲಸಿಕೆ ಹಾಕಿ, 2021ರಲ್ಲಿ ರೇಬಿಸ್ ನಿಯಂತ್ರಿತ ಪ್ರದೇಶ ಎನಿಸಿಕೊಂಡಿತು. ಒಂದು ಪ್ರದೇಶದ ನೂರು ನಾಯಿಗಳಲ್ಲಿ ಎಪ್ಪತ್ತಕ್ಕೆ ಲಸಿಕೆ ಬಿದ್ದರೆ ರೋಗದ ಸರಪಳಿ ಕಡಿಯುತ್ತದೆ ಎಂಬುದು ಅಲ್ಲಿ ಕಣ್ಣೆದುರಿಗೇ ನಡೆದಿದೆ. ಘಾಟಿನ ಮೇಲಿನ ನಮಗೂ ಇದು ಅಸಾಧ್ಯವಲ್ಲ. ನಮ್ಮ ಪಶು ಆಸ್ಪತ್ರೆಗಳಲ್ಲಿ ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದ ಆಸುಪಾಸಿನಲ್ಲಿ ಉಚಿತ ಲಸಿಕಾ ಶಿಬಿರಗಳು ನಡೆಯುತ್ತವೆ. ಮನೆಯ ನಾಯಿಯ ಜತೆಗೆ, ದಿನಾ ನಿಮ್ಮ ಗೇಟಿನ ಮುಂದೆ ರೊಟ್ಟಿಗೆ ಕಾಯುವ ಓಣಿಯ ನಾಯಿಯನ್ನೂ ಕರೆದೊಯ್ಯಿರಿ. ನಿಮ್ಮ ಕೈಯ ರೊಟ್ಟಿ ತಿಂದು ರೂಢಿಯಾದ ನಾಯಿ ನಿಮ್ಮ ಹಿಂದೆ ಬರುತ್ತದೆ. ಪಾಲಿಕೆಯ ಬಲೆ ಕಂಡರೆ ಮಾತ್ರ ಓಡಿಹೋಗುತ್ತದೆ.