ಮಾಯಿ ತಿಂಗಳ ಮಲ್ಪೆ: ಹೊರಗಿನವರ ನಂಬಿಕೆ, ಬಂದರಿನ ಸತ್ಯ

ಫೆಬ್ರವರಿ ಕೊನೆಗೆ ಮಲ್ಪೆ ಕಡಲತೀರಕ್ಕೆ ಬಂದವರು ನೀರು ನೋಡಿ ಆಡುವ ಮಾತು ಹೆಚ್ಚಾಗಿ ಒಂದೇ: ‘ಕಡಲು ಎಷ್ಟು ಶಾಂತವಾಗಿದೆ, ಈಗ ಮೀನಿಗೇನು ಕೊರತೆ!’ ತುಳುವರ ಲೆಕ್ಕದಲ್ಲಿ ಅದು ಮಾಯಿ ತಿಂಗಳು. ಮಳೆಯಿಲ್ಲ, ದೊಡ್ಡ ಅಲೆಯಿಲ್ಲ, ಸರ್ಕಾರದ ನಿಷೇಧವೂ ಇಲ್ಲ. ಆದರೂ ಬಂದರಿನ ಒಳಗೆ ಹೋದರೆ ಎಷ್ಟೋ ಬೋಟುಗಳು ಒಂದರ ಮಗ್ಗುಲಿಗೆ ಇನ್ನೊಂದು ಕಟ್ಟಿಕೊಂಡು ಸುಮ್ಮನೆ ನಿಂತಿರುತ್ತವೆ. ಊರವರು ಇದಕ್ಕೆ ಮತ್ಸ್ಯಕ್ಷಾಮ ಎನ್ನುತ್ತಾರೆ.

ಕಡಲು ಶಾಂತವಾದಷ್ಟೂ ಮೀನು ಹೆಚ್ಚು ಎಂಬ ತಿಳಿವಳಿಕೆ ನಮ್ಮ ಕರಾವಳಿಯಲ್ಲಿ ತಲೆಕೆಳಗಾಗುತ್ತದೆ. ಇಲ್ಲಿ ಮೀನಿಗೆ ಮೇವು ಹುಟ್ಟಿಸುವುದು ಕೆರಳಿದ ಕಡಲು. ಮುಂಗಾರಿನ ಗಾಳಿ ಮೇಲ್ಪದರದ ನೀರನ್ನು ದಡದಿಂದ ಆಚೆಗೆ ತಳ್ಳುತ್ತದೆ. ಆ ಜಾಗ ತುಂಬಲು ಆಳದ ತಣ್ಣೀರು ಪೋಷಕಾಂಶಗಳನ್ನು ಹೊತ್ತು ಮೇಲೇರುತ್ತದೆ. ಅದರಲ್ಲಿ ಕಣ್ಣಿಗೆ ಕಾಣದ ಪ್ಲವಕಗಳು ದಟ್ಟವಾಗಿ ಬೆಳೆಯುತ್ತವೆ, ಅವನ್ನು ಹುಡುಕಿಕೊಂಡು ಬೂತಾಯಿ, ಬಂಗುಡೆಗಳ ಹಿಂಡು ದಡದ ಹತ್ತಿರಕ್ಕೆ ಬರುತ್ತದೆ. ಹಾಗಾಗಿ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಯಾಂತ್ರಿಕ ಮೀನುಗಾರಿಕೆ ನಿಷೇಧ ಮುಗಿದ ಮೇಲಿನ ತಿಂಗಳುಗಳೇ ಬಂದರಿನ ಸುಗ್ಗಿ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಮೇಲಿನ ನೀರು ಬಿಸಿಯಾಗಿರುತ್ತದೆ, ಮೇವು ಕರಗಿರುತ್ತದೆ. ಆಳಸಮುದ್ರ ಬೋಟುಗಳು ಮೀನು ಅರಸಿ ಗೋವಾ, ಮಹಾರಾಷ್ಟ್ರದ ಕಡಲವರೆಗೂ ಓಡಬೇಕು. ಡೀಸೆಲ್ಲಿನ ದುಡ್ಡೂ ಹುಟ್ಟುವುದಿಲ್ಲ ಎನಿಸಿದಾಗ ಮಾಲೀಕರು ಹಗ್ಗ ಬಿಚ್ಚುವುದೇ ಇಲ್ಲ.

ಪೇಟೆಯಲ್ಲಿ ಅಂಜಲ್ ಮೀನಿನ ದರ ಕೇಳಿ ‘ಮೀನುಗಾರರಿಗೆ ಈಗ ಭರ್ಜರಿ’ ಎಂದುಕೊಳ್ಳುವವರಿಗೂ ಉತ್ತರ ಇದರಲ್ಲೇ ಇದೆ. ದರ ಏರುವುದು ಬಲೆ ಖಾಲಿ ಬಂದದ್ದರಿಂದ. ಬೋಟು ನಡೆಸುವ ತಂಡೇಲನಿಗೂ ಅದರಲ್ಲಿ ದುಡಿಯುವ ಕಲಾಸಿಗಳಿಗೂ ಸಿಗುವುದು ಮುಖ್ಯವಾಗಿ ಹಿಡಿದ ಮೀನಿನ ಮೇಲಿನ ಪಾಲು, ಆದ್ದರಿಂದ ಹಿಡಿತ ಕುಸಿದರೆ ಅವರ ಮನೆಯ ಆದಾಯವೂ ಕುಸಿಯುತ್ತದೆ. ಭಟ್ಕಳ, ಹೊನ್ನಾವರದ ಕಡೆಯಿಂದ, ಆಂಧ್ರ, ಒಡಿಶಾಗಳಿಂದ ದುಡಿಯಲು ಬಂದವರಿಗೆ ಇದು ಕಷ್ಟದ ಕಾಲ.

ಅಲೆಯಿಲ್ಲದ ಕಡಲಿನಲ್ಲಿ ಅಪಾಯವಿಲ್ಲ ಎಂಬುದು ಇನ್ನೊಂದು ನಂಬಿಕೆ. ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎಲ್ಲೋ ಬೀಸಿದ ಬಿರುಗಾಳಿಯ ಉಬ್ಬಲೆಗಳು ಸಾವಿರಾರು ಕಿಲೋಮೀಟರ್ ದಾಟಿ ಮುಂಗಾರಿಗೆ ಮುಂಚಿನ ಈ ತಿಂಗಳುಗಳಲ್ಲೇ ಪಶ್ಚಿಮ ಕರಾವಳಿಗೆ ಬಂದು ಬಡಿಯುತ್ತವೆ. ಇಲ್ಲಿ ಗಾಳಿಯೇ ಇರುವುದಿಲ್ಲ, ಆಕಾಶ ಶುಭ್ರ. ಕೇರಳದ ಮೀನುಗಾರರು ಇದನ್ನು ಕಳ್ಳಕ್ಕಡಲ್ ಎಂದು ಕರೆಯುತ್ತಾರೆ. ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯ್ಸ್ ಈಗ ಮುನ್ನೆಚ್ಚರಿಕೆ ಕೊಡುತ್ತದೆ, ಅದನ್ನು ನೋಡಿಯೇ ಹೊರಡಬೇಕು. ಮಲ್ಪೆಯ ‘ಸುವರ್ಣ ತ್ರಿಭುಜ’ ಬೋಟು ಏಳು ಮಂದಿಯೊಂದಿಗೆ ಕಾಣೆಯಾದದ್ದು 2018ರ ಡಿಸೆಂಬರಿನಲ್ಲಿ, ಮಳೆಗಾಲದಲ್ಲಲ್ಲ. ಅದರ ಅವಶೇಷ ನೌಕಾಪಡೆಗೆ ಮಹಾರಾಷ್ಟ್ರದ ಮಾಲ್ವಣ್ ಹತ್ತಿರದ ಕಡಲತಳದಲ್ಲಿ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಆ ಏಳು ಮನೆಗಳನ್ನು ನೆನೆದರೆ, ಶಾಂತ ಕಡಲೆಂಬ ಮಾತನ್ನು ಇಷ್ಟು ಹಗುರವಾಗಿ ಆಡಲು ಮನಸ್ಸು ಬರುವುದಿಲ್ಲ.

ಮೀನುಗಾರಿಕೆ ಗಂಡಸರ ಕಸುಬು, ಹೆಂಗಸರು ಬುಟ್ಟಿ ಹೊತ್ತು ಮಾರುತ್ತಾರೆ, ಅಷ್ಟೇ ಎನ್ನುವವರು ಬೆಳಗಿನ ಹೊತ್ತು ಏಲಂ ನಡೆಯುವಲ್ಲಿ ಸ್ವಲ್ಪ ನಿಲ್ಲಬೇಕು. ರಾಶಿಯ ಮೇಲೆ ಕಣ್ಣಾಡಿಸಿ, ಇದರಲ್ಲಿ ಎಷ್ಟು ಮಾಲು, ಊರಿನಲ್ಲಿ ಎಷ್ಟಕ್ಕೆ ಹೋದೀತು ಎಂದು ನಿಂತಲ್ಲೇ ಲೆಕ್ಕ ಹಾಕಿ ಕೂಗುವ ಮೊಗವೀರ ಹೆಂಗಸರದು ಅಪ್ಪಟ ವ್ಯಾಪಾರ. ಬಂಡವಾಳ ಅವರದು, ನಷ್ಟವೂ ಅವರದೇ. ಮೀನು ವಿಂಗಡಿಸುವುದು, ಸಿಗಡಿ ಸುಲಿಯುವುದು, ಒಣಮೀನು ಮಾಡುವುದು ಬಹುಪಾಲು ಹೆಂಗಸರ ಕೈಕೆಲಸ. ಬಿಸಿಲು ಗಟ್ಟಿಯಾಗುವ ಈ ಕಾಲದಲ್ಲೇ ಉಪ್ಪು ಸವರಿದ ಮೀನು ಅಂಗಳಕ್ಕೆ ಬರುತ್ತದೆ. ಘಟ್ಟದ ಮೇಲಿನವರು ಮಳೆಗಾಲದಲ್ಲಿ ಸುಟ್ಟು ತಿನ್ನುವ ಒಣಮೀನಿಗೆ ಸಿದ್ಧತೆ ನಡೆಯುವುದು ಈಗ.

ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿರುವ, ತಿನ್ನುವವರ ಆರೋಗ್ಯಕ್ಕೇ ಕುತ್ತು ತರುವ ನಂಬಿಕೆಯೊಂದಿದೆ: ‘ಐಸ್ ಹಾಕಿದ್ದು ಹಳೇ ಮೀನು, ಐಸ್ ಇಲ್ಲದ್ದೇ ತಾಜಾ.’ ಸುತ್ತುಬಲೆ ಹಾಕುವ ಪರ್ಸಿನ್ ಬೋಟುಗಳು ನಸುಕಿನಲ್ಲಿ ಹೋಗಿ ಅದೇ ದಿನ ತಿರುಗಿ ಬರುತ್ತವೆ. ಆಳಸಮುದ್ರ ಬೋಟು ಹೋದರೆ ಬರುವುದಕ್ಕೆ ಹತ್ತು ದಿನದ ಆಸುಪಾಸು ಬೇಕು. ಮೊದಲ ದಿನದ ಅಂಜಲು ಅಷ್ಟೂ ದಿನ ಐಸಿನಲ್ಲೇ ಮಲಗಿ ಬಂದಿರುತ್ತದೆ, ಬಂದರೂ ಚೆನ್ನಾಗಿಯೇ ಇರುತ್ತದೆ. ಮಾರ್ಚಿನ ಬಿಸಿಲಿನಲ್ಲಿ ಕೆಲವು ಗಂಟೆ ಬರಿದೇ ಬಿದ್ದಿದ್ದ ಇಂದಿನ ಬಂಗುಡೆ ಅದಕ್ಕಿಂತ ಕೆಟ್ಟಿರಬಹುದು.

ಬಂಗುಡೆ, ಬೂತಾಯಿ, ಗೇದರುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಂಶ ಹೆಚ್ಚು. ಮೀನು ಬಿಸಿಯಲ್ಲಿ ಉಳಿದರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪೇರುವುದು, ಮೈ ತುರಿಕೆ, ತಲೆನೋವು, ಎದೆ ಡವಡವ. ನಾವು ‘ಬಂಗುಡೆ ನಂಜು’ ಎಂದು ಮೀನಿನ ಜಾತಿಯನ್ನೇ ದೂರುತ್ತೇವೆ. ಮೀನು ಒಗ್ಗದ ಮೈ ಕೆಲವರಿಗೆ ಇರುವುದು ನಿಜ. ಆದರೆ ಹಲವು ಸಲ ದೋಷ ಇರುವುದು ಐಸ್ ಇಲ್ಲದೆ ಕಳೆದ ಆ ಗಂಟೆಗಳಲ್ಲಿ. ಚೆನ್ನಾಗಿ ಹುಳಿ, ಖಾರ ಹಾಕಿ ಕುದಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುವುದೂ ತಪ್ಪು. ಒಮ್ಮೆ ಹುಟ್ಟಿದ ಹಿಸ್ಟಮಿನ್ ಕುದಿಸಿದರೂ ಹೋಗದು, ಹುರಿದರೂ ಹೋಗದು, ಫ್ರಿಜ್ಜಿನಲ್ಲಿಟ್ಟರೂ ಹೋಗದು.

ಐಸ್ ಹಾಕಿದ್ದು ಹಳೇದೆಂಬ ನಂಬಿಕೆಯಿಂದ ಮಾರುವ ಅಕ್ಕಂದಿರಿಗೂ ಪೆಟ್ಟು. ಗಿರಾಕಿ ಐಸ್ ಕಂಡರೆ ಮುಖ ತಿರುಗಿಸುತ್ತಾನೆಂದು ಎಷ್ಟೋ ಮಂದಿ ಮೀನನ್ನು ಐಸಿನಿಂದ ತೆಗೆದು ಹಲಗೆಯ ಮೇಲೆ ಹರವುತ್ತಾರೆ. ನಾವೇ ಕೇಳಿ ಕೆಡಿಸಿಕೊಂಡಂತಾಯಿತು. ಕಣ್ಣೊಂದನ್ನೇ ನೋಡಿ ತೀರ್ಮಾನಿಸುವುದೂ ಬೇಡ, ಐಸಿಗೆ ತಾಗಿದ ಒಳ್ಳೆಯ ಮೀನಿನ ಕಣ್ಣೂ ಮಂಜಾಗುತ್ತದೆ. ಬೆರಳಿನಿಂದ ಒತ್ತಿ ನೋಡಿ, ಗುಂಡಿ ಬೀಳದೆ ಮಾಂಸ ಮೇಲೆದ್ದರೆ ಚೆನ್ನಾಗಿದೆ. ಕಿವಿರು ಬಿಡಿಸಿ ಮೂಸಿ, ಕಡಲಿನ ವಾಸನೆ ಸರಿ, ಹುಳಿ ವಾಸನೆ ಬಂದರೆ ಬೇಡ. ಮೀನು ಆರಿಸಿದ ಮೇಲೆ ‘ಅಕ್ಕಾ, ಮೇಲೆ ಸ್ವಲ್ಪ ಐಸ್ ಹಾಕಿ ಕೊಡಿ’ ಎಂದು ಕೇಳಿ. ದೂರದ ಊರಿಗೆ ಒಯ್ಯುವುದಾದರೆ ಒಂದು ಕಿಲೋ ಮೀನಿಗೆ ಹೆಚ್ಚುಕಡಿಮೆ ಒಂದು ಕಿಲೋ ಪುಡಿ ಐಸ್ ಬೇಕು, ಕರಗಿದ ನೀರು ಹರಿದುಹೋಗಲು ಪೆಟ್ಟಿಗೆಯ ತಳದಲ್ಲಿ ದಾರಿಯೂ ಬೇಕು.